ಭೂಶಾಖದ ಬಯಲು ಈಜುಕೊಳಕ್ಕೆ ಇಳಿಯುವ ಮುನ್ನ: ಕೊಡಗಿನ ಪ್ರವಾಸಿಗರಿಗೊಂದು ಮಾರ್ಗದರ್ಶಿ

ಕಾಫಿ ಕೊಯ್ಲು ಮುಗಿದು, ಬೀಜ ಒಣಗಿ, ಮೂಟೆಗಳು ಮಾರಾಟವಾಗಿ, ಮಕ್ಕಳ ಪರೀಕ್ಷೆಗಳೂ ಕಳೆದ ಮೇಲೆ ಕೊಡಗಿನ ಅನೇಕ ಕುಟುಂಬಗಳು ದೂರದ ಪ್ರವಾಸಕ್ಕೆ ಹೊರಡುತ್ತವೆ. ಈಚಿನ ವರ್ಷಗಳಲ್ಲಿ ಐಸ್‌ಲ್ಯಾಂಡ್, ಜಪಾನ್, ನ್ಯೂಜಿಲೆಂಡ್, ಹಂಗೇರಿಯಂಥ ದೇಶಗಳೂ ಆ ಪ್ರವಾಸದ ಪಟ್ಟಿಗೆ ಸೇರುತ್ತಿವೆ. ಅಲ್ಲಿಗೆ ಹೋಗುವವರ ಕಾರ್ಯಕ್ರಮದಲ್ಲಿ ನೆಲದೊಳಗಿನ ಶಾಖದಿಂದ ಕಾದ ನೀರಿನ ತೆರೆದ ಈಜುಕೊಳಕ್ಕೆ ಒಂದು ಹೊತ್ತಾದರೂ ಮೀಸಲಾಗಿರುತ್ತದೆ. ಹೋಗುವವರಿಗೆ ಟಿಕೆಟ್, ವಾಹನ, ಹೋಟೆಲಿನ ವಿವರ ಸುಲಭವಾಗಿ ಸಿಗುತ್ತದೆ. ಆದರೆ ಕೊಳದ ಬಾಗಿಲಿನಿಂದ ಒಳಗೆ ಹೋದ ಮೇಲೆ ಏನು ಮಾಡಬೇಕು, ಯಾಕೆ ಹಾಗೆ ಮಾಡಬೇಕು ಎಂಬುದನ್ನು ಹೇಳುವವರು ಕಡಿಮೆ.

ಬಿಸಿನೀರಿನ ಸ್ನಾನ ನಮಗೆ ಹೊಸದಲ್ಲ. ಮಳೆಗಾಲದ ನಾಲ್ಕು ತಿಂಗಳು ಒಲೆಗೆ ಕಾಫಿಗಿಡದ ಕೊರಡನ್ನೋ ಸಿಲ್ವರ್ ಓಕಿನ ಕಟ್ಟಿಗೆಯನ್ನೋ ಒಟ್ಟಿ, ಹಂಡೆಯ ನೀರು ಕಾಯಿಸಿ, ಚೊಂಬಿನಿಂದ ಮೈಮೇಲೆ ಸುರಿದುಕೊಂಡು ಬೆಳೆದವರು ನಾವು. ಆ ಸ್ನಾನದಲ್ಲಿ ಕೊಳೆ, ಸೋಪು, ಎಣ್ಣೆ ಎಲ್ಲವೂ ನೀರಿನೊಂದಿಗೆ ಹರಿದು ಹೋಗುತ್ತವೆ. ಶಾಖವೂ ಚೊಂಬಿನಿಂದ ಚೊಂಬಿಗೆ ಬಂದು ಹೋಗುತ್ತದೆ. ಕೊಳದಲ್ಲಿ ಹಾಗಲ್ಲ. ಅಲ್ಲಿ ಕೊಳೆ ನೀರಿನಲ್ಲೇ ಉಳಿಯುತ್ತದೆ, ಶಾಖ ಮೈಯಲ್ಲೇ ಉಳಿಯುತ್ತದೆ. ಮುಂದೆ ಹೇಳುವ ಬಹುಪಾಲು ಸೂಚನೆಗಳು ಈ ಎರಡು ಸಂಗತಿಗಳಿಂದಲೇ ಹುಟ್ಟಿದವು. ಇವೆರಡನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಉಳಿದ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಮೊದಲು, ಯಾವ ಬಗೆಯ ಕೊಳವೆಂದು ತಿಳಿದುಕೊಳ್ಳಿ

ಭೂಮಿಯ ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಏರುತ್ತದೆ. ಬಂಡೆಯ ಬಿರುಕುಗಳಲ್ಲಿ ಇಳಿದ ಮಳೆನೀರು ಆಳದಲ್ಲಿ ಕಾದು ಇನ್ನೊಂದು ಬಿರುಕಿನ ದಾರಿಯಲ್ಲಿ ಮೇಲೆದ್ದು ಬಂದರೆ ಅದು ಬಿಸಿನೀರಿನ ಬುಗ್ಗೆಯಾಗುತ್ತದೆ. ಭೂಮಿಯ ಹೊರಪದರದ ಬೃಹತ್ ತುಂಡುಗಳಾದ ಉತ್ತರ ಅಮೆರಿಕ ಮತ್ತು ಯುರೇಷಿಯಾದ ಭೂಫಲಕಗಳು ಒಂದರಿಂದೊಂದು ದೂರ ಸರಿಯುತ್ತಿರುವ ಗೆರೆಯ ಮೇಲೆ ಐಸ್‌ಲ್ಯಾಂಡ್ ಕುಳಿತಿರುವುದರಿಂದ ಅಲ್ಲಿ ಕುದಿಯುವ ನೀರು ನೆಲದ ಮೇಲ್ಮೈಗೇ ಬರುತ್ತದೆ. ಆ ದೇಶದ ಪಶ್ಚಿಮ ಭಾಗದ ಡೆಯಿಲ್ಡರ್‌ಟುಂಗುಕ್ವೆರ್ ಎಂಬ ಬುಗ್ಗೆಯಲ್ಲಿ 97 ಡಿಗ್ರಿಯ ನೀರು ಸೆಕೆಂಡಿಗೆ ಸುಮಾರು 180 ಲೀಟರಿನಂತೆ ಉಕ್ಕುತ್ತದೆ. ಅದನ್ನು ಕೊಳವೆಯಲ್ಲಿ 60 ಕಿಲೋಮೀಟರಿಗೂ ದೂರದ ಊರುಗಳಿಗೆ ಒಯ್ದು ಮನೆಗಳನ್ನು ಬೆಚ್ಚಗಿಡುತ್ತಾರೆ. ನಾವು ಗಮನಿಸಬೇಕಾದದ್ದು ಇಷ್ಟು: ನೆಲದಿಂದ ಬರುವ ನೀರು ಯಾವಾಗಲೂ ಮನುಷ್ಯನ ಮೈಗೆ ಹೊಂದುವ ಹದದಲ್ಲೇ ಬರುವುದಿಲ್ಲ. ಯಾರೋ ಅದನ್ನು ತಣಿಸಿ, ಬೆರೆಸಿ, ಅಳೆದು ಹದಕ್ಕೆ ತಂದಿರಬೇಕು; ಹಾಗೆ ಮಾಡುವವರು ಇಲ್ಲದ ಕಡೆ ಆ ಜವಾಬ್ದಾರಿ ನಮ್ಮದೇ ಆಗುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಪ್ರವಾಸಿಗೆ ಮೂರು ಬಗೆಯ ಕೊಳಗಳು ಎದುರಾಗುತ್ತವೆ. ಊರಿನ ಆಡಳಿತವೇ ನಡೆಸುವ ಸಾರ್ವಜನಿಕ ಈಜುಕೊಳ ಮೊದಲನೆಯದು. ಐಸ್‌ಲ್ಯಾಂಡಿನ ಸಣ್ಣ ಊರುಗಳಲ್ಲೂ ಇಂಥದೊಂದು ಇರುತ್ತದೆ. ರಾಜಧಾನಿ ರೇಕ್ಯಾವಿಕ್‌ನ ಲೌಗರ್‌ಡಾಲ್ಸ್‌ಲೌಗ್ 1968ರಲ್ಲಿ ತೆರೆದದ್ದು. ಅಲ್ಲಿ ಬಯಲಿನಲ್ಲೇ 50 ಮೀಟರ್ ಉದ್ದದ ಈಜುಕೊಳವಿದೆ, ಅದರ ಸುತ್ತ ಬೇರೆ ಬೇರೆ ಶಾಖದ ಸಣ್ಣ ಬಿಸಿತೊಟ್ಟಿಗಳಿವೆ. ದೊಡ್ಡ ಕೊಳದ ನೀರು ಸಾಮಾನ್ಯವಾಗಿ 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ತೊಟ್ಟಿಗಳದು 38ರಿಂದ 44ರವರೆಗೆ. ಎರಡನೆಯದು ಪ್ರವಾಸಿಗರಿಗಾಗಿಯೇ ಕಟ್ಟಿದ ದುಬಾರಿ ಕೊಳ. ಇವುಗಳಲ್ಲಿ ಹೆಸರಾದ ಬ್ಲೂ ಲಗೂನ್ ನಿಸರ್ಗದ ಸೃಷ್ಟಿಯೆಂದು ಅನೇಕರು ತಿಳಿದಿದ್ದಾರೆ. ಅದು 1976ರಲ್ಲಿ ಸ್ವಾರ್ಟ್‌ಸೆಂಗಿ ಭೂಶಾಖ ವಿದ್ಯುತ್ ಸ್ಥಾವರದಿಂದ ಹೊರಬಿಟ್ಟ ನೀರು ಲಾವಾದ ಬಂಡೆಗಳ ನಡುವೆ ನಿಂತು ಆದ ಕೊಳ. ನೀರಿನಲ್ಲಿರುವ ಸಿಲಿಕಾ ಎಂಬ ಖನಿಜ ಬೆಳಕನ್ನು ಚದುರಿಸುವುದರಿಂದ ಅದಕ್ಕೆ ಆ ಹಾಲುನೀಲಿ ಬಣ್ಣ. ಮೂರನೆಯದು ಕಾವಲುಗಾರರಿಲ್ಲದ ಬಯಲಿನ ಬುಗ್ಗೆಗಳು ಮತ್ತು ಹಳೆಯ ಕೊಳಗಳು.

ಪ್ರವಾಸಿ ಕೊಳದ ನೋಟ ಚೆನ್ನಾಗಿರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಒಂದು ದೇಶದ ಜನ ತಮ್ಮ ನೀರಿನೊಂದಿಗೆ ಹೇಗೆ ಬದುಕುತ್ತಾರೆ ಎಂದು ನೋಡಬೇಕಾದರೆ ಊರಿನ ಈಜುಕೊಳಕ್ಕೇ ಹೋಗಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಶಾಲೆ ಬಿಟ್ಟ ಮಕ್ಕಳು, ಕೆಲಸ ಮುಗಿಸಿದವರು, ಊರುಗೋಲು ಹಿಡಿದು ಬಂದ ಅಜ್ಜಿಯರು ಒಂದೇ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಮಾತಾಡುತ್ತಿರುತ್ತಾರೆ. ಐಸ್‌ಲ್ಯಾಂಡಿನಲ್ಲಿ 1940ರಿಂದ ಶಾಲಾಮಕ್ಕಳಿಗೆ ಈಜು ಕಡ್ಡಾಯ. ಟಿಕೆಟಿನ ಬೆಲೆಯೂ ಪ್ರವಾಸಿ ಕೊಳದ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ನಾಲ್ಕೈದು ಜನರ ಕುಟುಂಬಕ್ಕೆ ಇದು ಚಿಲ್ಲರೆ ವ್ಯತ್ಯಾಸವಲ್ಲ.

ಅಷ್ಟು ದೂರ ಹೋಗುವ ಮೊದಲು ಇಂಥ ನೀರನ್ನು ಹತ್ತಿರದಲ್ಲೇ ನೋಡಬೇಕೆನ್ನುವವರಿಗೆ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಸೀರೆ ಹೊಳೆಯ ದಂಡೆಯ ಮೇಲೆ ಬೆಂದ್ರು ತೀರ್ಥವಿದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು, ಸುಳ್ಯ ದಾಟಿ, ಪುತ್ತೂರಿಗೆ ಹೋಗಿ ಅಲ್ಲಿಂದ ಪಾಣಾಜೆಯ ಕಡೆಗೆ ಸಾಗಬೇಕು. ಅಲ್ಲಿನ ನೀರು ಬೆಚ್ಚಗಿರುತ್ತದೆ, ಸುಡುವಷ್ಟು ಬಿಸಿಯಲ್ಲ. ವಿದೇಶದ ಕೊಳಗಳಲ್ಲಿರುವ ಸೌಕರ್ಯ ಅಲ್ಲಿಲ್ಲ. ಹೊಳೆಯ ಪಕ್ಕದಲ್ಲೇ ಇರುವುದರಿಂದ ಮಳೆಗಾಲದಲ್ಲಿ ಹೋಗುವುದು ಸರಿಯಲ್ಲ. ಅದು ಜನರು ಭಕ್ತಿಯಿಂದ ಕಾಣುವ ತೀರ್ಥವೆಂಬುದನ್ನು ನೆನಪಿಟ್ಟುಕೊಂಡು, ಸೋಪು, ಶಾಂಪೂ ಒಯ್ಯದೆ, ತುಲಾ ಸಂಕ್ರಮಣದಂದು ತಲಕಾವೇರಿಯ ಕೊಳಕ್ಕೆ ಇಳಿಯುವಾಗ ಯಾವ ಮರ್ಯಾದೆಯಿಂದ ಇಳಿಯುತ್ತೇವೋ ಅದೇ ಮರ್ಯಾದೆಯನ್ನು ಅಲ್ಲಿಯೂ ಪಾಲಿಸಬೇಕು.

ಮನೆಯಿಂದ ಹೊರಡುವ ಮುನ್ನ ಮಾಡಬೇಕಾದದ್ದು

ಮೊದಲ ಕೆಲಸ ವೈದ್ಯರ ಸಲಹೆ. ಬಿಸಿನೀರಿನಲ್ಲಿ ಮುಳುಗಿ ಕೂತಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ರಕ್ತದೊತ್ತಡ ಇಳಿಯುತ್ತದೆ, ಅದನ್ನು ಸರಿದೂಗಿಸಲು ಹೃದಯ ಬೇಗಬೇಗ ಬಡಿಯುತ್ತದೆ. ಆರೋಗ್ಯವಂತರಿಗೆ ಇದರಿಂದ ಹಿತವೆನಿಸುತ್ತದೆ. ಹೃದಯದ ತೊಂದರೆ ಇರುವವರಿಗೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ, ಈಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ ಇದು ಅಪಾಯಕ್ಕೂ ದಾರಿಯಾಗಬಹುದು. ಬಹುಕಾಲದಿಂದ ಸಕ್ಕರೆ ಕಾಯಿಲೆ ಇದ್ದು ಪಾದಗಳ ಸ್ಪರ್ಶಜ್ಞಾನ ಕಡಿಮೆಯಾಗಿರುವವರು ನೀರು ಸುಡುತ್ತಿದ್ದರೂ ತಿಳಿಯದೆ ನಿಂತಿರುವ ಸಾಧ್ಯತೆ ಇದೆ. ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳಿನಲ್ಲಿ, 38 ಡಿಗ್ರಿಗಿಂತ ಬಿಸಿಯಾದ ತೊಟ್ಟಿಗಳಿಂದ ದೂರವಿರುವುದೇ ಕ್ಷೇಮ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಅವರ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ, ಬಿಸಿನೀರಿನಲ್ಲಿ ಎಷ್ಟು ಹೊತ್ತು ಕೂರಬಹುದೆಂದು ಸ್ಪಷ್ಟವಾಗಿ ಕೇಳಿಕೊಂಡೇ ಹೊರಡಬೇಕು.

ಎರಡನೆಯದು ಬಟ್ಟೆ. ಹತ್ತಿಯ ಚೂಡಿದಾರ, ಬನಿಯನ್, ಬರ್ಮುಡಾ ಇವುಗಳನ್ನು ಹಾಕಿಕೊಂಡು ಇಳಿಯಲು ಬಿಡುವುದಿಲ್ಲ. ಹತ್ತಿಯ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಅದರ ಎಳೆ ಮತ್ತು ಬಣ್ಣ ನೀರಿಗೆ ಬಿಡುತ್ತವೆ. ಈಜಿಗೆಂದೇ ಹೊಲಿದ ಬಟ್ಟೆ ಬೇಕು. ಮೈಕೈ ತೋರಿಸಲು ಸಂಕೋಚಪಡುವ ಹೆಂಗಸರು ಇದೇ ಕಾರಣಕ್ಕೆ ಪ್ರವಾಸದ ಈ ಭಾಗವನ್ನು ಬಿಟ್ಟು ಹೊರಗೆ ಬೆಂಚಿನ ಮೇಲೆ ಕೂತಿರಬೇಕಾಗಿಲ್ಲ. ಮಂಡಿಯವರೆಗೆ ಅಥವಾ ಪಾದದವರೆಗೆ ಬರುವ, ತೋಳು ಮುಚ್ಚುವ ಈಜುಡುಗೆಗಳು ಬೆಂಗಳೂರು, ಮೈಸೂರಿನ ಕ್ರೀಡಾ ಸಾಮಗ್ರಿಗಳ ಅಂಗಡಿಗಳಲ್ಲಿ ಸಿಗುತ್ತವೆ. ಬಟ್ಟೆ ಈಜಿನದ್ದೇ ಆಗಿದ್ದರೆ ಐಸ್‌ಲ್ಯಾಂಡಿನ ಕೊಳಗಳಲ್ಲಿ ಸಾಮಾನ್ಯವಾಗಿ ಆಕ್ಷೇಪಿಸುವುದಿಲ್ಲ. ಹೊರಡುವ ಮುನ್ನ ಒಮ್ಮೆ ಒದ್ದೆ ಮಾಡಿ ಹಾಕಿಕೊಂಡು ನೋಡಿ, ಏಕೆಂದರೆ ಒಣಗಿದ್ದಾಗ ಸರಿಯಾಗಿ ಕೂತ ಬಟ್ಟೆ ನೀರಿನಲ್ಲಿ ಸಡಿಲವಾಗುವುದುಂಟು. ಮುಟ್ಟಿನ ದಿನಗಳಲ್ಲಿ ಪ್ಯಾಡ್ ಹಾಕಿಕೊಂಡು ನೀರಿಗೆ ಇಳಿಯಲಾಗದು. ಮುಟ್ಟಿನ ಕಪ್ ಅಥವಾ ಟ್ಯಾಂಪಾನ್ ಬಳಸುವ ಅಭ್ಯಾಸವಿದ್ದರೆ ತೊಂದರೆಯಿಲ್ಲ.

ಆಭರಣಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಭೂಶಾಖದ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಕರಗಿರುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಬರುವುದು ಅದರಿಂದಲೇ. ಅದು ಬೆಳ್ಳಿಯೊಂದಿಗೆ ಸೇರಿದಾಗ ಬೆಳ್ಳಿಯ ಮೇಲೆ ಸಲ್ಫೈಡಿನ ಪದರ ಕೂರುತ್ತದೆ: ಹೊಳೆಯುತ್ತಿದ್ದ ಕಾಲುಂಗುರ ಮೊದಲು ಹಳದಿಗೆ ತಿರುಗಿ, ಆಮೇಲೆ ಕಂದಾಗಿ, ಕೊನೆಗೆ ಹೊಗೆ ಹಿಡಿದಂತೆ ಕಪ್ಪಾಗುತ್ತದೆ. ಬೆಳ್ಳಿಯ ಉಡಿದಾರ, ಗೆಜ್ಜೆ, ಮಕ್ಕಳ ಕಡಗ ಎಲ್ಲಕ್ಕೂ ಇದೇ ಗತಿ. ಚಿನ್ನಕ್ಕೆ ಬಣ್ಣದ ಭಯ ಅಷ್ಟಿಲ್ಲ, ಆದರೆ ಬೆರಳು ನೆನೆದು ಸುಕ್ಕಾದಾಗ ಉಂಗುರ ಜಾರಿಹೋಗುತ್ತದೆ, ಹಾಲಿನಂಥ ನೀರಿನಲ್ಲಿ ಬಿದ್ದದ್ದು ಮತ್ತೆ ಸಿಗುವುದಿಲ್ಲ. ತಾಳಿ, ಪತ್ತಾಕ್ ಮೊದಲಾದವುಗಳನ್ನು ತೆಗೆಯಲು ಮನಸ್ಸೊಪ್ಪದವರು ಅವನ್ನು ಪ್ರವಾಸಕ್ಕೆ ಒಯ್ಯದೆ, ದಾರದ ಕರಿಮಣಿಯಂಥ ಸರಳ ಬದಲಿಯನ್ನು ಹಾಕಿಕೊಂಡು ಹೋಗುವುದು ಒಳ್ಳೆಯದು.

ಉಳಿದದ್ದು ಚಿಕ್ಕದು. ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿ ಐಸ್‌ಲ್ಯಾಂಡ್ ಇರುವುದರಿಂದ ಷೆಂಗೆನ್ ವೀಸಾ ಬೇಕು, ಅದಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಭಾರತದಿಂದ ನೇರ ವಿಮಾನವಿಲ್ಲದ ಕಾರಣ ನಡುವೆ ಎಲ್ಲಾದರೂ ವಿಮಾನ ಬದಲಿಸಬೇಕು. ಚೀಲದಲ್ಲಿ ಬೇಗ ಒಣಗುವ ಎರಡು ಟವೆಲ್, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ರಬ್ಬರ್ ಚಪ್ಪಲಿ, ಉಣ್ಣೆಯ ಟೋಪಿ ಇರಲಿ. ಏಪ್ರಿಲ್‌ನಲ್ಲಿಯೂ ಅಲ್ಲಿನ ಗಾಳಿ ಮಡಿಕೇರಿಯ ಜನವರಿ ಮುಂಜಾವಿನ ಚಳಿಗಿಂತ ಹರಿತವಾಗಿರುತ್ತದೆ, ಮೈ ನೀರಿನಲ್ಲಿದ್ದರೂ ತಲೆ ಗಾಳಿಯಲ್ಲಿರುತ್ತದೆ.

ಕೊಳಕ್ಕೆ ಹೋಗುವ ದಿನ

ಆ ದಿನ ಬೆಳಿಗ್ಗೆ ತಲೆಗೂ ಮೈಗೂ ಎಣ್ಣೆ ಹಚ್ಚಬೇಡಿ. ಸ್ನಾನವೆಂದರೆ ಎಣ್ಣೆ ಹಚ್ಚಿಕೊಂಡು ಬಿಸಿನೀರು ಹುಯ್ದುಕೊಳ್ಳುವುದೆಂಬ ನಮ್ಮ ಅಭ್ಯಾಸ ಮನೆಯ ಬಚ್ಚಲಿಗೆ ಚೆನ್ನಾಗಿಯೇ ಹೊಂದುತ್ತದೆ. ಹತ್ತಾರು ಜನ ಕೂತಿರುವ ತೊಟ್ಟಿಯಲ್ಲಿ ಆ ಎಣ್ಣೆ ನೀರಿನ ಮೇಲೆ ತೇಲಿ ಎಲ್ಲರ ಮೈಗೂ ಅಂಟುತ್ತದೆ. ಹೊಟ್ಟೆ ತುಂಬ ಊಟ ಮಾಡಿ ಇಳಿಯಬಾರದು, ಪೂರ್ತಿ ಹಸಿದೂ ಇಳಿಯಬಾರದು. ಒಂದೂವರೆ ಗಂಟೆ ಮೊದಲು ಹಗುರವಾಗಿ ತಿಂದು, ಒಂದೆರಡು ಲೋಟ ನೀರು ಕುಡಿದಿದ್ದರೆ ಸಾಕು.

ಮದ್ಯದ ಬಗ್ಗೆ ನೇರವಾಗಿಯೇ ಹೇಳಬೇಕು. ಕೊಡಗಿನಲ್ಲಿ ಹಬ್ಬ, ಮದುವೆ, ಪ್ರವಾಸ ಎಲ್ಲದರಲ್ಲೂ ಅದಕ್ಕೊಂದು ಸ್ಥಾನವಿದೆ; ಕೆಲವು ಪ್ರವಾಸಿ ಕೊಳಗಳು ನೀರಿನ ನಡುವೆಯೇ ಮದ್ಯ ಮಾರುತ್ತವೆ. ಆದರೆ ಮದ್ಯವೂ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಸಿನೀರೂ ಹಿಗ್ಗಿಸುತ್ತದೆ. ಎರಡೂ ಸೇರಿದಾಗ ರಕ್ತದೊತ್ತಡ ಥಟ್ಟನೆ ಇಳಿದು ಬವಳಿ ಬರುತ್ತದೆ, ನೀರಿನಲ್ಲಿ ಬವಳಿ ಬಂದವರು ಸದ್ದಿಲ್ಲದೆ ಮುಳುಗುತ್ತಾರೆ. ಸಂಜೆ ಹೋಟೆಲಿಗೆ ಮರಳಿದ ಮೇಲೆ ಬೇಕಾದರೆ ಆಗಲಿ, ಕೊಳದಲ್ಲಿ ಬೇಡ.

ಬ್ಲೂ ಲಗೂನಿಗೆ ಮುಂಗಡವಾಗಿಯೇ ಸಮಯ ಕಾದಿರಿಸಬೇಕು. ಅದಿರುವ ರೇಕ್ಯಾನೆಸ್ ಪರ್ಯಾಯ ದ್ವೀಪದಲ್ಲಿ 2023ರ ಡಿಸೆಂಬರಿನಿಂದ ಜ್ವಾಲಾಮುಖಿ ಹಲವು ಬಾರಿ ಸಿಡಿದಿದೆ. 2024ರ ನವೆಂಬರಿನಲ್ಲಿ ಲಾವಾ ಅಲ್ಲಿನ ವಾಹನ ನಿಲ್ದಾಣವನ್ನೇ ಮುಚ್ಚಿತು. ಆದ್ದರಿಂದ ಹೊರಡುವ ದಿನ ಬೆಳಿಗ್ಗೆ ಕೊಳ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಬೇಕು, ಮುಚ್ಚಿದ್ದರೆ ಯಾವ ಊರಿನ ಕೊಳಕ್ಕೆ ಹೋಗುವುದೆಂದು ಮೊದಲೇ ನಿರ್ಧರಿಸಿಟ್ಟಿರಬೇಕು.

ನೀರಿಗಿಂತ ಮೊದಲು ಶವರ್

ಇಡೀ ಭೇಟಿಯಲ್ಲಿ ನಮ್ಮವರಿಗೆ ಅತ್ಯಂತ ಕಷ್ಟವಾಗುವ ಭಾಗ ಇದೇ. ಆದ್ದರಿಂದ ಒಂದೊಂದಾಗಿ ವಿವರಿಸುತ್ತೇನೆ.

ಟಿಕೆಟ್ ಪಡೆದು ಒಳಗೆ ಹೋದಾಗ, ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲೇ ಪಾದರಕ್ಷೆ ಬಿಡಬೇಕು. ಗಂಡಸರಿಗೂ ಹೆಂಗಸರಿಗೂ ಕೋಣೆಗಳು ಬೇರೆ ಬೇರೆ. ಲಾಕರಿನ ಕೀಲಿ ಅಥವಾ ಅದನ್ನು ತೆರೆಯುವ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುವಂತೆ ಮಾಡಿರುತ್ತಾರೆ. ಮೊಬೈಲ್ ಫೋನನ್ನು ಆ ಕೋಣೆಯಲ್ಲಿ ಕೈಗೆತ್ತಿಕೊಳ್ಳಲೇಬಾರದು. ಮನೆಗೆ ಒಂದು ಕರೆ ಮಾಡುವ ಉದ್ದೇಶವಿದ್ದರೂ ಸುತ್ತಲಿನವರಿಗೆ ಅದು ಕ್ಯಾಮೆರಾ ಎಂದೇ ಕಾಣುತ್ತದೆ.

ಬಟ್ಟೆಯನ್ನೆಲ್ಲ ತೆಗೆದು ಲಾಕರಿನಲ್ಲಿಟ್ಟು, ಟವೆಲ್ ಮತ್ತು ಈಜುಡುಗೆಯನ್ನು ಕೈಯಲ್ಲಿ ಹಿಡಿದುಕೊಂಡು ಶವರಿನ ಕೋಣೆಗೆ ಹೋಗಬೇಕು. ಟವೆಲ್ಲನ್ನು ಅಲ್ಲಿನ ಚೌಕಟ್ಟಿನ ಮೇಲೆ ಇಟ್ಟು, ಈಜುಡುಗೆ ಇಲ್ಲದೆ, ಸೋಪು ಹಚ್ಚಿ ಮೈ ತೊಳೆಯಬೇಕು. ಇದು ಸಲಹೆಯಲ್ಲ, ಐಸ್‌ಲ್ಯಾಂಡಿನ ಕೊಳಗಳ ನಿಯಮ. ಗೋಡೆಯ ಮೇಲೆ ಒಂದು ಮನುಷ್ಯಾಕೃತಿಯ ಚಿತ್ರವಿದ್ದು, ತಲೆ, ಕಂಕುಳು, ತೊಡೆಸಂದು, ಪಾದಗಳ ಮೇಲೆ ಕೆಂಪು ಗುರುತು ಹಾಕಿರುತ್ತಾರೆ. ಆ ಭಾಗಗಳನ್ನು ಸೋಪು ಹಾಕಿ ತೊಳೆಯಬೇಕೆಂದು ಹಲವು ಭಾಷೆಗಳಲ್ಲಿ ಬರೆದಿರುತ್ತದೆ. ಸೋಪು ಗೋಡೆಯಲ್ಲೇ ಇರುತ್ತದೆ. ಈಜುಡುಗೆ ಹಾಕಿಕೊಂಡೇ ಮೈಮೇಲೆ ಸ್ವಲ್ಪ ನೀರು ಬಿಟ್ಟುಕೊಂಡು ಹೊರಟವರನ್ನು ಅಲ್ಲಿನ ಸಿಬ್ಬಂದಿ ತಡೆದು ಹಿಂದಕ್ಕೆ ಕಳುಹಿಸುವುದೂ ಉಂಟು.

ಇದರ ಕಾರಣ ಸರಳವಾದದ್ದು, ನ್ಯಾಯವಾದದ್ದು. ಆ ಕೊಳಗಳಲ್ಲಿ ಕ್ಲೋರಿನ್ನನ್ನು ಆದಷ್ಟು ಕಡಿಮೆ ಬಳಸುತ್ತಾರೆ. ಕೆಲವು ಬುಗ್ಗೆಯ ಕೊಳಗಳಲ್ಲಿ ಬಳಸುವುದೇ ಇಲ್ಲ. ಈಜುಕೊಳಗಳಲ್ಲಿ ಮೂಗಿಗೆ ಬಡಿಯುವ, ಕಣ್ಣು ಉರಿಸುವ ವಾಸನೆ ಕೇವಲ ಕ್ಲೋರಿನ್ನಿನದಲ್ಲ. ಬೆವರು, ಮೂತ್ರ, ಚರ್ಮದ ಕೊಳೆ ಕ್ಲೋರಿನ್ ಜೊತೆ ಸೇರಿ ಉಂಟಾಗುವ ಕ್ಲೋರಮೈನ್‌ಗಳದು. ಬಂದವರೆಲ್ಲ ಮೊದಲೇ ಚೆನ್ನಾಗಿ ತೊಳೆದುಕೊಂಡರೆ ನೀರಿಗೆ ಹೆಚ್ಚು ರಾಸಾಯನಿಕ ಸುರಿಯಬೇಕಾಗಿಲ್ಲ. ಅಂದರೆ ಆ ನೀರನ್ನು ಶುದ್ಧವಾಗಿ ಇಡುವುದು ಯಂತ್ರಕ್ಕಿಂತ ಹೆಚ್ಚಾಗಿ ಬಂದವರ ನಡತೆ. ಪರಊರಿನವರು ತಮ್ಮ ನೀರಿನಲ್ಲಿ ಪಾಲು ಕೊಟ್ಟಾಗ ಅಷ್ಟನ್ನಾದರೂ ಪಾಲಿಸುವುದು ನಮ್ಮ ಕರ್ತವ್ಯವೆಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ಸಂಕೋಚ ಸಹಜ. ಅದಕ್ಕೂ ದಾರಿಗಳಿವೆ. ಅನೇಕ ಕೊಳಗಳಲ್ಲಿ ಬಾಗಿಲು ಅಥವಾ ಪರದೆ ಇರುವ ಒಂದೆರಡು ಪ್ರತ್ಯೇಕ ಶವರ್‌ಗಳಿರುತ್ತವೆ. ಟಿಕೆಟ್ ಕೊಡುವವರನ್ನು ಮೊದಲೇ ಕೇಳಿದರೆ ತೋರಿಸುತ್ತಾರೆ. ಪ್ರವಾಸಿ ಕೊಳಗಳಲ್ಲಿ ಇವು ಹೆಚ್ಚು. ಇಲ್ಲದ ಕಡೆ ಟವೆಲ್ ಸುತ್ತಿಕೊಂಡು ಶವರಿನವರೆಗೆ ಹೋಗಿ, ಗೋಡೆಗೆ ಮುಖ ಮಾಡಿ ಬೇಗ ತೊಳೆದು, ಅಲ್ಲೇ ಈಜುಡುಗೆ ಹಾಕಿಕೊಳ್ಳಬಹುದು. ಅಲ್ಲಿ ಯಾರೂ ಯಾರನ್ನೂ ನೋಡುತ್ತಾ ನಿಲ್ಲುವುದಿಲ್ಲ. ಅತ್ತೆ-ಸೊಸೆ, ತಾಯಿ-ಮಗಳು, ಮಾವ-ಅಳಿಯ ಒಟ್ಟಿಗೆ ಹೋದಾಗ ಮುಜುಗರವಾಗುವುದಾದರೆ ಹತ್ತು ನಿಮಿಷದ ಅಂತರದಲ್ಲಿ ಒಬ್ಬೊಬ್ಬರಾಗಿ ಒಳಗೆ ಹೋಗಿ.

ಶವರಿನ ನಲ್ಲಿಯನ್ನು ತಿರುಗಿಸುವಾಗ ಮೊದಲು ತಣ್ಣೀರನ್ನು ಬಿಟ್ಟು ಆಮೇಲೆ ಬಿಸಿನೀರನ್ನು ಬೆರೆಸಿಕೊಳ್ಳಿ. ಐಸ್‌ಲ್ಯಾಂಡಿನ ಬಿಸಿನೀರಿನ ನಲ್ಲಿಗೆ ಹಲವು ಕಡೆ ಬರುವುದು ನೆಲದೊಳಗಿನ ನೀರೇ, ಕೆಲವು ಕಡೆ ಅದು ಚರ್ಮ ಸುಡುವಷ್ಟು ಬಿಸಿಯಾಗಿರುತ್ತದೆ. ತಂಗುವ ಮನೆಯ ಬಚ್ಚಲಿಗೂ ಈ ಮಾತು ಅನ್ವಯಿಸುತ್ತದೆ. ಕುಡಿಯಲು ತಣ್ಣೀರಿನ ನಲ್ಲಿಯದ್ದು ನಿಶ್ಚಿಂತೆಯಿಂದ ಆಗುತ್ತದೆ.

ನೀರಿಗೆ ಇಳಿಯುವುದು, ನೀರಿನಿಂದ ಏಳುವುದು

ಶವರಿನ ಕೋಣೆಯಿಂದ ಹೊರಗೆ ಕಾಲಿಟ್ಟ ಕ್ಷಣ ಒದ್ದೆ ಮೈಗೆ ಚಳಿಗಾಳಿ ಹೊಡೆಯುತ್ತದೆ. ಆಗ ಓಡುವ ಮನಸ್ಸಾಗುತ್ತದೆ. ಓಡಬಾರದು, ನೆಲ ಒದ್ದೆಯಾಗಿ ಜಾರುತ್ತಿರುತ್ತದೆ, ಚಳಿಗಾಲದಲ್ಲಿ ಅಲ್ಲಲ್ಲಿ ಹೆಪ್ಪುಗಟ್ಟಿಯೂ ಇರುತ್ತದೆ. ಪ್ರತಿ ತೊಟ್ಟಿಯ ಪಕ್ಕದಲ್ಲೂ ಅದರ ಶಾಖವನ್ನು ಅಂಕಿಯಲ್ಲಿ ಬರೆದಿರುತ್ತಾರೆ. ಮೊದಲ ಬಾರಿ ಹೋದವರು 38 ಎಂದು ಬರೆದ ತೊಟ್ಟಿಯಿಂದಲೇ ಶುರು ಮಾಡಲಿ. ಮೆಟ್ಟಿಲಲ್ಲಿ ಕೂತು ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಭುಜ ಎಂಬ ಕ್ರಮದಲ್ಲಿ ಇಳಿಯಬೇಕು.

ಎಷ್ಟು ಹೊತ್ತು ಕೂರಬಹುದು? 38ರಿಂದ 40 ಡಿಗ್ರಿಯ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ. 42ರಲ್ಲಿ ಐದಾರು ನಿಮಿಷ. 44ರ ತೊಟ್ಟಿಗೆ ಹೊಸಬರು ಇಳಿಯದಿರುವುದೇ ಒಳ್ಳೆಯದು. ನಮ್ಮ ಮೈಯ ಶಾಖ 37 ಡಿಗ್ರಿ. ಅದಕ್ಕಿಂತ ಬಿಸಿಯಾದ ನೀರಿನಲ್ಲಿ ಮುಳುಗಿರುವಷ್ಟು ಹೊತ್ತೂ ಮೈಗೆ ಶಾಖ ಸೇರುತ್ತಲೇ ಇರುತ್ತದೆ, ಹೊರಹೋಗಲು ದಾರಿ ಇರುವುದು ತಲೆ ಮತ್ತು ಉಸಿರಿನ ಮೂಲಕ ಮಾತ್ರ. ಬೆವರು ಸುರಿದರೂ ನೀರಿನೊಳಗೆ ಅದು ಆವಿಯಾಗುವುದಿಲ್ಲ, ಹಾಗಾಗಿ ಮೈ ತಣಿಯುವುದಿಲ್ಲ. ಎದೆ ಜೋರಾಗಿ ಬಡಿದರೆ, ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ವಾಕರಿಕೆ ಬಂದರೆ ಆ ಕೂಡಲೇ ಹೊರಬರಬೇಕು. ಆದರೆ ಥಟ್ಟನೆ ಎದ್ದು ನಿಲ್ಲಬಾರದು. ಬಿಸಿನೀರಿನಲ್ಲಿ ಹಿಗ್ಗಿದ ರಕ್ತನಾಳಗಳಿಂದಾಗಿ ರಕ್ತ ಕಾಲುಗಳಿಗೆ ಇಳಿದು ತಲೆ ಸುತ್ತುತ್ತದೆ. ಮೊದಲು ತೊಟ್ಟಿಯ ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು, ಉಸಿರು ಹದಕ್ಕೆ ಬಂದ ಮೇಲೆ ಕಂಬಿ ಹಿಡಿದು ಏಳಿ. ಹಿರಿಯರ ಪಕ್ಕದಲ್ಲಿ ಆಗ ಒಬ್ಬರು ಇರಲೇಬೇಕು.

ಹಲವು ಕೊಳಗಳಲ್ಲಿ 4ರಿಂದ 12 ಡಿಗ್ರಿಯವರೆಗಿನ ತಣ್ಣೀರ ತೊಟ್ಟಿಯೂ ಇರುತ್ತದೆ. ಊರಿನವರು ಬಿಸಿತೊಟ್ಟಿಯಿಂದ ಎದ್ದು ನೇರ ಅದರೊಳಗೆ ಕೂರುವುದನ್ನು ನೋಡಿ ಹುರುಪು ಬರಬಹುದು. ಅವರಿಗದು ವರ್ಷಗಳ ಅಭ್ಯಾಸ. ಮೊದಲ ದಿನ ಮಂಡಿಯವರೆಗೆ ಇಳಿದು ಬಂದರೆ ಸಾಕು, ಹೃದಯದ ತೊಂದರೆ ಇರುವವರು ಅದರ ಹತ್ತಿರ ಹೋಗುವುದೇ ಬೇಡ.

ಬಿಸಿತೊಟ್ಟಿಯಲ್ಲಿ ಮಾತು ನಡೆಯುತ್ತದೆ, ಆದರೆ ದನಿ ಮೆಲ್ಲಗಿರುತ್ತದೆ. ಗುಂಪಾಗಿ ಹೋದ ನಾವು ಒಂದೇ ತೊಟ್ಟಿಯನ್ನು ತುಂಬಿಕೊಂಡು ಗಟ್ಟಿಯಾಗಿ ಹರಟಿದರೆ ಊರಿನವರು ಎದ್ದು ಹೋಗುತ್ತಾರೆ. ಎರಡು ಮೂರು ತೊಟ್ಟಿಗಳಿಗೆ ಹಂಚಿಕೊಂಡು ಕೂತರೆ ಅವರೇ ಮಾತಿಗಿಳಿದು ಎಲ್ಲಿಂದ ಬಂದಿರೆಂದು ಕೇಳುತ್ತಾರೆ; ಕಾಫಿ ಬೆಳೆಯುವ ಊರೆಂದರೆ ಮಾತು ಮುಂದುವರಿಯುತ್ತದೆ, ಏಕೆಂದರೆ ಅವರು ದಿನವಿಡೀ ಕಾಫಿ ಕುಡಿಯುವ ಜನ.

ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಅವರಿಗೆಂದೇ ಇರುವ ಆಳ ಕಡಿಮೆಯಾದ, ಉಗುರುಬೆಚ್ಚಗಿನ ಕೊಳದಲ್ಲಿ ಆಡಲಿ. 40 ಡಿಗ್ರಿಯ ತೊಟ್ಟಿಗೆ ಸಣ್ಣ ಮಕ್ಕಳನ್ನು ಇಳಿಸಬಾರದು. ತೋಳಿಗೆ ಹಾಕುವ ಗಾಳಿತುಂಬಿದ ಪಟ್ಟಿಗಳನ್ನು ಕೊಳದವರೇ ಕೊಡುತ್ತಾರೆ, ಆದರೂ ಮಗು ನಿಮ್ಮ ಕೈಗೆ ಎಟುಕುವಷ್ಟು ಹತ್ತಿರದಲ್ಲಿರಬೇಕು. ನಮ್ಮ ಹೊಳೆ, ಜಲಪಾತಗಳಲ್ಲಿ ಪ್ರತಿ ವರ್ಷ ನಡೆಯುವ ಸಾವುಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾವಲಿಲ್ಲದ ಬುಗ್ಗೆಗಳು ಮತ್ತು ಬೇರೆ ದೇಶಗಳ ಪದ್ಧತಿ

ದಕ್ಷಿಣ ಐಸ್‌ಲ್ಯಾಂಡಿನ ಬೆಟ್ಟದ ಸಂದಿಯಲ್ಲಿ ಸೆಲ್ಯಾವಟ್ಲಲೌಗ್ ಎಂಬ 25 ಮೀಟರ್ ಉದ್ದದ ಕೊಳವಿದೆ. ಊರಿನ ಮಕ್ಕಳಿಗೆ ಈಜು ಕಲಿಸಲು 1923ರಲ್ಲಿ ಕಟ್ಟಿದ್ದು. ಒಂದು ಗೋಡೆ ಬೆಟ್ಟದ ಬಂಡೆಯೇ. ವಾಹನ ನಿಲ್ಲಿಸಿ ಹೊಳೆಯ ಪಾತ್ರದ ಕಲ್ಲುಗಳ ಮೇಲೆ ಕಾಲು ಗಂಟೆ ನಡೆಯಬೇಕು. ಟಿಕೆಟಿಲ್ಲ, ಕಾವಲುಗಾರರಿಲ್ಲ, ಶವರಿಲ್ಲ. ನೀರು ಉಗುರುಬೆಚ್ಚಗಷ್ಟೇ ಇರುತ್ತದೆ, ತಳದಲ್ಲಿ ಪಾಚಿ ಜಾರುತ್ತದೆ. ನೋಡಲು ಅದ್ಭುತವಾದ ಜಾಗ, ಆದರೆ ಈಜು ಬಾರದವರು ಇಳಿಯುವಂಥದ್ದಲ್ಲ. ತಂದ ಬಟ್ಟೆ, ಬಾಟಲಿ, ತಿಂಡಿಯ ಪೊಟ್ಟಣ ಎಲ್ಲವನ್ನೂ ವಾಪಸ್ ತರಬೇಕು. ನಮ್ಮ ಬೆಟ್ಟಗಳಲ್ಲಿ ಪ್ರವಾಸಿಗರು ಬಿಟ್ಟುಹೋಗುವ ಕಸವನ್ನು ಕಂಡು ನೊಂದವರು ಬೇರೆಯವರ ಬೆಟ್ಟದಲ್ಲಿ ಅದನ್ನೇ ಮಾಡಬಾರದು.

ಬಯಲಿನ ಬುಗ್ಗೆಗಳಲ್ಲಿ ಹಗ್ಗ ಕಟ್ಟಿದ್ದರೆ ದಾಟಲೇಬಾರದು. ಮೇಲೆ ಗಟ್ಟಿಯಾಗಿ ಕಾಣುವ ನೆಲ ತೆಳುವಾದ ಹಪ್ಪಳೆಯಷ್ಟೇ ಆಗಿದ್ದು, ಕೆಳಗೆ ಕುದಿಯುವ ಕೆಸರು ಇರಬಹುದು. ನೀರಿನ ಬಿಸಿಯನ್ನು ಕಾಲಿಟ್ಟು ಪರೀಕ್ಷಿಸಬೇಡಿ. ಒಂದು ಮೂಲೆಯಲ್ಲಿ ಹಿತವಾಗಿರುವ ನೀರು ಬುಗ್ಗೆಯ ಬಾಯಿಯ ಹತ್ತಿರ ಸುಡುವಂತಿರುತ್ತದೆ. ಬೇರೆಯವರು ಸ್ನಾನ ಮಾಡುತ್ತಿರುವ ಜಾಗದಲ್ಲಿ ಮಾತ್ರ, ಅವರನ್ನು ಕೇಳಿಕೊಂಡೇ ಇಳಿಯುವುದು ಕ್ಷೇಮ.

ನ್ಯೂಜಿಲೆಂಡಿನ ಬುಗ್ಗೆಗಳಲ್ಲಿ ತಲೆಯನ್ನು ನೀರಿನೊಳಗೆ ಮುಳುಗಿಸಬಾರದೆಂಬ ಫಲಕ ಕಾಣುತ್ತದೆ. ಬೆಚ್ಚನೆಯ ಸಿಹಿನೀರಿನಲ್ಲಿ ಬೆಳೆಯುವ ಒಂದು ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗಿ ಪ್ರಾಣಾಂತಿಕ ಸೋಂಕು ಉಂಟುಮಾಡಬಲ್ಲದು. ಅಂಥ ಸೋಂಕು ಬಹಳ ಅಪರೂಪ, ಆದರೆ ಬಂದರೆ ಬದುಕುಳಿಯುವವರು ತೀರಾ ಕಡಿಮೆ. ಹಾಗಾಗಿ ಶುದ್ಧೀಕರಿಸದ ಯಾವ ಬುಗ್ಗೆಯಲ್ಲೂ, ನಮ್ಮ ದೇಶದಲ್ಲೂ, ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಬೇಕು.

ಜಪಾನಿನ ಬಿಸಿನೀರಿನ ಸ್ನಾನಗೃಹಗಳಲ್ಲಿ ಸಾಮಾನ್ಯವಾಗಿ ಈಜುಡುಗೆಯೇ ನಿಷಿದ್ಧ. ಅಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳಗಳು, ಸಣ್ಣ ಮಣೆಯ ಮೇಲೆ ಕೂತು ಪೂರ್ತಿ ತೊಳೆದುಕೊಂಡ ಮೇಲೆಯೇ ಪ್ರವೇಶ, ಚಿಕ್ಕ ಟವೆಲ್ಲನ್ನು ನೀರಿಗೆ ತಾಗಿಸದೆ ತಲೆಯ ಮೇಲೆ ಇಟ್ಟುಕೊಳ್ಳುವ ಪದ್ಧತಿ. ಹಚ್ಚೆ ಇದ್ದವರನ್ನು ಅನೇಕ ಕಡೆ ಒಳಗೆ ಬಿಡುವುದಿಲ್ಲ. ಬುಡಾಪೆಸ್ಟ್‌ನಲ್ಲಿ 1913ರಲ್ಲಿ ತೆರೆದ ಸೆಚೆನಿ ಸ್ನಾನಗೃಹದ ಈಜುಕೊಳದಲ್ಲಿ ಈಜು ಟೋಪಿ ಬೇಕು. ನಮ್ಮ ದೇಶದ ಬದರಿನಾಥ, ಮಣಿಕರಣ್, ವಶಿಷ್ಠದ ಕುಂಡಗಳಲ್ಲಿ ತೀರ್ಥಕ್ಷೇತ್ರದ ಶಿಸ್ತು. ಸುಮಾರು 3,100 ಮೀಟರ್ ಎತ್ತರದ ಬದರಿನಾಥದಂಥ ಕಡೆ ಗಾಳಿಯೇ ತೆಳುವಾಗಿರುವುದರಿಂದ ಬಿಸಿನೀರಿನಲ್ಲಿ ತಲೆ ಸುತ್ತುವುದು ಇನ್ನೂ ಬೇಗ. ತಲುಪಿದ ದಿನವೇ ಇಳಿಯದೆ ಒಂದು ರಾತ್ರಿ ಕಳೆದು ಇಳಿಯುವುದು ಮೇಲು.

ಹೊರಬಂದ ಮೇಲೆ

ಕೊಳದಿಂದ ಬಂದವರು ಒದ್ದೆ ಮೈಯಲ್ಲಿ ನೇರವಾಗಿ ಲಾಕರಿನ ಕಡೆಗೆ ಹೋಗಬಾರದು. ಶವರಿನ ಹತ್ತಿರ ಬಿಟ್ಟುಹೋಗಿದ್ದ ಟವೆಲ್ಲಿನಿಂದ ಅಲ್ಲಿಯೇ ಮೈ ಪೂರ್ತಿ ಒರೆಸಿಕೊಂಡು ಒಣನೆಲಕ್ಕೆ ಕಾಲಿಡಬೇಕು. ಆ ನೆಲ ಒದ್ದೆಯಾದರೆ ಬಟ್ಟೆ ಹಾಕಿಕೊಳ್ಳುತ್ತಿರುವ ಬೇರೆಯವರ ಕಾಲುಚೀಲ, ಪ್ಯಾಂಟು ಒದ್ದೆಯಾಗುತ್ತವೆ, ಹೊರಗಿನ ಚಳಿಯಲ್ಲಿ ಅದು ಸಣ್ಣ ತೊಂದರೆಯಲ್ಲ.

ಸಿಲಿಕಾ ತುಂಬಿದ ನೀರಿನಲ್ಲಿ ಕೂದಲು ನೆನೆದರೆ ಒಣಗಿದ ಮೇಲೆ ತೆಂಗಿನ ನಾರಿನಂತೆ ಬಿರುಸಾಗುತ್ತದೆ. ಇಳಿಯುವ ಮೊದಲೇ ಕಂಡಿಷನರ್ ಹಚ್ಚಿ, ಉದ್ದ ಕೂದಲನ್ನು ತುರುಬು ಕಟ್ಟಿ ನೀರಿಗೆ ತಾಗದಂತೆ ಇಟ್ಟುಕೊಳ್ಳುವುದು ಇದಕ್ಕೆ ಸರಿಯಾದ ಉಪಾಯ. ಹೊರಬಂದ ಮೇಲೆ ಮತ್ತೊಮ್ಮೆ ಹಚ್ಚಿ ತೊಳೆಯಬೇಕು. ಕೊಳದ ನೀರೆಲ್ಲ ಹೋಗುವಂತೆ ಮೈಯನ್ನು ಶುದ್ಧ ನೀರಿನಲ್ಲಿ ತೊಳೆದುಕೊಂಡು, ಮೈ ಒಣಗಿದ ಮೇಲೆಯೇ ಬೆಳ್ಳಿಯ ಒಡವೆಗಳನ್ನು ಹಾಕಿಕೊಳ್ಳಿ. ಕೂದಲು ಒದ್ದೆ ಇರುವಾಗ ಹೊರಗೆ ಹೋಗಬೇಡಿ, ಕೂದಲು ಒಣಗಿಸುವ ಯಂತ್ರ ಹೆಚ್ಚಿನ ಕೊಳಗಳಲ್ಲಿ ಇರುತ್ತದೆ.

ಎರಡು ಲೋಟ ನೀರು ಕುಡಿದು, ಏನಾದರೂ ಸ್ವಲ್ಪ ತಿಂದು, ಕನಿಷ್ಠ ಅರ್ಧ ಗಂಟೆ ಕೂತಿದ್ದು ಆಮೇಲೆ ವಾಹನ ಹತ್ತಿ. ಬಿಸಿನೀರಿನ ಸ್ನಾನದ ನಂತರ ಮೈ ಸಡಿಲವಾಗಿ ನಿದ್ದೆ ಎಳೆಯುತ್ತದೆ, ಐಸ್‌ಲ್ಯಾಂಡಿನ ರಸ್ತೆಗಳಲ್ಲಿ ವಾಹನ ಬಲಬದಿಯಲ್ಲಿ ಓಡುತ್ತದೆ, ಎಡಬದಿಗೆ ಒಗ್ಗಿದ ನಮ್ಮ ಕಣ್ಣು ದಣಿದಾಗ ತಪ್ಪುವುದು ಸುಲಭ. ಆದ್ದರಿಂದ ಕೊಳದ ಭೇಟಿಯನ್ನು ದಿನದ ಕೊನೆಗೆ, ತಂಗುವ ಜಾಗಕ್ಕೆ ಹತ್ತಿರದಲ್ಲಿ ಇಟ್ಟುಕೊಳ್ಳಿ. ಕುಟುಂಬದಲ್ಲಿ ಇಬ್ಬರಿಗೆ ವಾಹನ ಓಡಿಸಲು ಬರುವುದಾದರೆ ಅಂದು ಬಿಸಿತೊಟ್ಟಿಯಲ್ಲಿ ಕಡಿಮೆ ಹೊತ್ತು ಕೂತವರು ಓಡಿಸಲಿ. ಒದ್ದೆ ಈಜುಡುಗೆಯನ್ನು ರಾತ್ರಿಯೇ ತಣ್ಣೀರಿನಲ್ಲಿ ಜಾಲಿಸಿ ಒಣಹಾಕಿ, ಹಾಗೆಯೇ ಚೀಲದಲ್ಲಿ ಬಿಟ್ಟರೆ ಗಂಧಕದ ವಾಸನೆ ಉಳಿದ ಬಟ್ಟೆಗಳಿಗೂ ಹತ್ತುತ್ತದೆ.